ಚಕ್ರವರ್ತಿಗೆ ಟಿಡಿಎಸ್, ಡಿಸಿಗೆ ಫಾರ್ಮ್ 1: ಕಾನೂನು ಪಾಲಿಸೋ ಕ್ರೈಸ್ತ ಎಲ್ಲಿ ನಿಲ್ಲಬೇಕು?

ಸೌತ್ ಎಂಡ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತು ಕೇಳ್ತಿರೋರಿಗೂ, ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕ್ಕೊಂಡಿರೋರಿಗೂ ನಮಸ್ಕಾರ. ನಿಮ್ಮ ಹತ್ರ ಟೈಮ್ ಇದೆ ಅಂತ ಗೊತ್ತು, ಅದಕ್ಕೇ ಇವತ್ತಿನ ವಿಷಯ ಸ್ವಲ್ಪ ಉದ್ದ.

ಹೋದ ತಿಂಗಳು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಬಗ್ಗೆ ಒಂದು ಕಂತು ಮಾಡಿದ್ದೆ. ಅದಕ್ಕೆ ಜೆ.ಪಿ. ನಗರದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ತೆರಿಗೆ ವಿಷಯ ಎರಡೇ ಸೆಕೆಂಡ್, ಆಮೇಲೆ ನೇರವಾಗಿ ಕೇಳಿದ್ರು: "ಸರ್, ನೀವು ಕ್ರಿಶ್ಚಿಯನ್ಸ್ ಅಂತ ಗೊತ್ತು. ಸರ್ಕಾರಕ್ಕೆ ವಿಧೇಯರಾಗಿರಿ ಅಂತ ನಿಮ್ಮ ಬೈಬಲ್ಲಲ್ಲೇ ಇದೆಯಂತೆ. ಹಾಗಿದ್ರೆ ಮತಾಂತರ ನಿಷೇಧ ಕಾಯ್ದೆ ಬಂದಾಗ ಚರ್ಚ್‌ಗಳು ಯಾಕೆ ವಿರೋಧ ಮಾಡಿದ್ದು? ಬೇಕಾದಾಗ ಕಾನೂನು, ಬೇಡದಾಗ ದೇವರು, ಹಾಗಾ?"

ವ್ಯಂಗ್ಯ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಪ್ರಶ್ನೆ ಸರಿಯಾಗಿದೆ. ನಾನು ಕ್ರೈಸ್ತ ಕುಟುಂಬದಲ್ಲಿ ಬೆಳೆದವನು, ಈಗಲೂ ಭಾನುವಾರ ಕನ್ನಡ ಆರಾಧನೆಗೆ ಹೋಗ್ತೀನಿ. ಹಾಗಾಗಿ ಈ ವಿಷಯದಲ್ಲಿ ನಾನು ಅಂಪೈರ್ ಅಲ್ಲ, ಆಟಗಾರ. ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಕೇಳಿ.

ಮೊದಲು ಅವರು ಹೇಳಿದ ಆ ಭಾಗ. ಅಪೊಸ್ತಲ ಪೌಲ ರೋಮ್‌ನ ವಿಶ್ವಾಸಿಗಳಿಗೆ ಒಂದು ಪತ್ರ ಬರೀತಾನೆ, ಕ್ರಿ.ಶ. 57ರ ಸುಮಾರಿಗೆ. ಅದರ 13ನೇ ಅಧ್ಯಾಯದಲ್ಲಿ, ಆಳುವವರಿಗೆ ಅಧೀನರಾಗಿರಬೇಕು, ಅಧಿಕಾರ ಅನ್ನೋದು ದೇವರಿಂದಲೇ ಬಂದದ್ದು ಅನ್ನೋ ಅರ್ಥದ ಮಾತು ಇದೆ. ಅಲ್ಲಿ ಆತ ಕೊಡೋ ಉದಾಹರಣೆ ಏನು ಗೊತ್ತಾ? ತೆರಿಗೆ, ಸುಂಕ. ಕಾಮರ್ಸ್ ಓದಿದ ನನಗೆ ಇದು ಸಣ್ಣ ಸಂತೋಷ. ಆಗ ಸಿಂಹಾಸನದ ಮೇಲಿದ್ದದ್ದು ನೀರೋ. ಅಂದ್ರೆ ಒಳ್ಳೇ ರಾಜ ಇದ್ದಾಗ ಬರೆದ ಮಾತಲ್ಲ ಅದು.

ಇದೇ ಬೈಬಲ್ಲಲ್ಲಿ ಅಪೊಸ್ತಲರ ಕೃತ್ಯಗಳು ಅಂತ ಇನ್ನೊಂದು ಪುಸ್ತಕ ಇದೆ. ಅದರ 5ನೇ ಅಧ್ಯಾಯದಲ್ಲಿ, ಯೇಸುವಿನ ಹೆಸರಲ್ಲಿ ಉಪದೇಶ ಮಾಡಬೇಡಿ ಅಂತ ಯೆರೂಸಲೇಮಿನ ನ್ಯಾಯಸಭೆ ಆರ್ಡರ್ ಹಾಕಿದೆ. ಪೇತ್ರ ಮತ್ತು ಜೊತೆಗಾರರು ಎದುರು ನಿಂತು, ಮನುಷ್ಯರ ಮಾತಿಗಿಂತ ದೇವರ ಮಾತು ನಮಗೆ ಮುಖ್ಯ ಅಂತಾರೆ. ಎರಡೂ ಒಂದೇ ಬೈಬಲ್ಲು. ವಾಟ್ಸಾಪ್‌ನಲ್ಲಿ ಮಾತ್ರ ಯಾರಿಗೆ ಯಾವುದು ಬೇಕೋ ಅದೊಂದೇ ಫಾರ್ವರ್ಡ್ ಆಗುತ್ತೆ.

ಆದ್ರೆ ಒಂದು ವಿಷಯ ಗಮನಿಸಿ. ಪೇತ್ರ ಅದನ್ನ ಹೇಳಿದ್ದು ಎಲ್ಲೋ ಅಡಗಿ ಕೂತು ಅಲ್ಲ. ನ್ಯಾಯಸಭೆಯ ಮುಂದೆ ನಿಂತು ಹೇಳಿದ. ಹೊಡೆಸ್ಕೊಂಡ. ಬಿಟ್ಟ ಮೇಲೆ ಮತ್ತೆ ಹೋಗಿ ಹಗಲಲ್ಲೇ ಉಪದೇಶ ಮಾಡಿದ. ತಪ್ಪಿಸ್ಕೊಳ್ಳೋ ಪ್ರಯತ್ನವೇ ಇಲ್ಲ.

ಅಧೀನರಾಗಿರಿ ಅಂತ ಬರೆದ ಪೌಲನ ಕಥೆ ಇನ್ನೂ ಚೆನ್ನಾಗಿದೆ. ಫಿಲಿಪ್ಪಿ ಅನ್ನೋ ಊರಲ್ಲಿ ಅವನನ್ನೂ ಸೀಲನನ್ನೂ ವಿಚಾರಣೆ ಇಲ್ಲದೆ ಬಹಿರಂಗವಾಗಿ ಹೊಡೆದು ಜೈಲಿಗೆ ಹಾಕ್ತಾರೆ. ಬೆಳಿಗ್ಗೆ ಅಧಿಕಾರಿಗಳು, ಸರಿ, ಬಿಟ್ಟುಬಿಡಿ, ಹೋಗ್ಲಿ ಅಂತ ಹೇಳಿ ಕಳಿಸ್ತಾರೆ. ಬೇರೆ ಯಾರಾದ್ರೂ ಆಗಿದ್ರೆ ಓಡಿಹೋಗ್ತಿದ್ರು. ಪೌಲ ಎದ್ದೇಳಲ್ಲ. ನಾವು ರೋಮ್‌ನ ಪ್ರಜೆಗಳು, ವಿಚಾರಣೆ ಇಲ್ಲದೆ ಹೊಡೆದಿದ್ದೀರಿ, ಈಗ ಗುಟ್ಟಾಗಿ ಕಳಿಸ್ತೀರಾ, ನೀವೇ ಬಂದು ಕರ್ಕೊಂಡು ಹೋಗಿ ಅಂತಾನೆ. ಅವರು ಹೆದರಿ ಬರ್ತಾರೆ. ಮುಂದೆ ರಾಜ್ಯಪಾಲ ಫೆಸ್ತನ ಎದುರು ಕೇಸು ನಡೀವಾಗ ಚಕ್ರವರ್ತಿಗೇ ಅಪೀಲು ಹಾಕ್ತಾನೆ. ಕಾನೂನು ಗೊತ್ತಿದ್ದ ಮನುಷ್ಯ. ನಮ್ಮ ಕಾಲದಲ್ಲಿ ಇದ್ದಿದ್ರೆ ಸೀದಾ ಅಂಬೇಡ್ಕರ್ ವೀಧಿಯ ಹೈಕೋರ್ಟಿಗೆ ರಿಟ್ ಅರ್ಜಿ ಹಾಕ್ತಿದ್ದ.

ಸೋ, ಕೋರ್ಟಿಗೆ ಹೋಗಿ ಕಾಯ್ದೆಯನ್ನ ಪ್ರಶ್ನೆ ಮಾಡೋದು ಕಾನೂನಿಗೆ ಅವಿಧೇಯತೆ ಅಲ್ಲ. ಜೆ.ಪಿ. ನಗರದ ಕೇಳುಗರಿಗೆ ಅರ್ಧ ಉತ್ತರ ಅಲ್ಲಿದೆ. ಉಳಿದರ್ಧ ಕಷ್ಟದ್ದು, ಯಾಕಂದ್ರೆ ಅದು ನಮ್ಮವರಿಗೂ ಸ್ವಲ್ಪ ಚುಚ್ಚುತ್ತೆ.

ಚರ್ಚ್‌ಗಳು ಕೆಲವು ಸಲ ಆತ್ಮಸಾಕ್ಷಿ ಅಂತ ಕರೆಯೋದು ನಿಜವಾಗಿ ಅನುಕೂಲ. ಎರಡು ಉದಾಹರಣೆ ಕೊಡ್ತೀನಿ, ಎರಡೂ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದು.

ಸಿಸ್ಟರ್‌ಗಳು, ಫಾದರ್‌ಗಳು ಸರ್ಕಾರಿ ಅನುದಾನಿತ ಶಾಲೆಗಳಲ್ಲಿ ಟೀಚರ್ ಆಗಿ ಕೆಲಸ ಮಾಡ್ತಾರೆ, ಸಂಬಳ ಸರ್ಕಾರದಿಂದ ಬರುತ್ತೆ. ಆದ್ರೆ ಅವರು ಬಡತನದ ವ್ರತ ತಗೊಂಡವರು. ಸಂಬಳ ಅವರ ಕೈಯಲ್ಲಿ ನಿಲ್ಲಲ್ಲ, ಸೀದಾ ಅವರ ಸಭೆಗೆ, ಧರ್ಮಪ್ರಾಂತಕ್ಕೆ ಹೋಗುತ್ತೆ. ಬ್ರಿಟಿಷರ ಕಾಲದಲ್ಲೇ, 1944ರಲ್ಲಿ, ಮಿಷನರಿಗಳು ತಮ್ಮ ಸಂಸ್ಥೆಗೆ ಒಪ್ಪಿಸೋ ದುಡ್ಡಿಗೆ ತೆರಿಗೆ ಬೇಡ ಅಂತ ಒಂದು ಸುತ್ತೋಲೆ ಬಂದಿತ್ತು. ಅದರ ಆಧಾರದ ಮೇಲೆ ದಶಕಗಟ್ಟಲೆ ಟಿಡಿಎಸ್ ಕಡಿತ ಇರಲಿಲ್ಲ. ಆಮೇಲೆ ಇಲಾಖೆ, ಕಡಿತ ಮಾಡಲೇಬೇಕು ಅಂತು. ತಮಿಳುನಾಡು, ಕೇರಳದ ಧರ್ಮಪ್ರಾಂತಗಳು ಕೋರ್ಟಿಗೆ ಹೋದವು. 2019ರಲ್ಲಿ ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ, 2021ರಲ್ಲಿ ಕೇರಳ ಹೈಕೋರ್ಟ್, ಎರಡೂ ತೆರಿಗೆ ಇಲಾಖೆ ಪರ ತೀರ್ಪು ಕೊಟ್ಟವು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅಪೀಲುಗಳನ್ನ ವಜಾ ಮಾಡಿತು.

ಚರ್ಚ್‌ನ ವಾದ ಏನಪ್ಪಾ ಅಂದ್ರೆ, ಕ್ಯಾನನ್ ಕಾನೂನಿನ ಪ್ರಕಾರ ವ್ರತ ತಗೊಂಡವರು ಲೌಕಿಕವಾಗಿ ಸತ್ತಂತೆ, ಅವರಿಗೆ ಸ್ವಂತ ಆದಾಯ ಅನ್ನೋದೇ ಇಲ್ಲ. ಆ ತ್ಯಾಗದ ಬಗ್ಗೆ ನನಗೆ ನಿಜವಾಗಲೂ ಗೌರವ ಇದೆ. ಆದ್ರೆ ಅಕೌಂಟ್ಸ್ ಓದಿದವನಾಗಿ ಹೇಳ್ತೀನಿ, ಕೋರ್ಟ್ ಹೇಳಿದ್ದೇ ಸರಿ. ಸಂಬಳ ನಿಮ್ಮ ಹೆಸರಿಗೆ ಬಂದ ಕ್ಷಣ ಅದು ನಿಮ್ಮ ಆದಾಯ. ಆಮೇಲೆ ಅದನ್ನ ಅಮ್ಮನಿಗೆ ಕೊಡಿ, ಆಶ್ರಮಕ್ಕೆ ಕೊಡಿ, ಹುಂಡಿಗೆ ಹಾಕಿ. ನಮ್ಮಲ್ಲಿ ಎಷ್ಟು ಜನ ಮೊದಲ ಸಂಬಳದಿಂದ ಪೂರ್ತಿ ಮನೆ ಸಾಲ ಕಟ್ಟಿಲ್ಲ? ಟಿಡಿಎಸ್ ಬಿಟ್ಟರಾ? ಯೇಸು ನಾಣ್ಯ ತರಿಸಿ, ಇದರ ಮೇಲೆ ಯಾರ ಮುಖ ಇದೆ ಅಂತ ಕೇಳಿದ ಕಥೆ ಎಲ್ಲರಿಗೂ ಗೊತ್ತು. ಚಕ್ರವರ್ತಿಯ ಮುಖ ಇದ್ದದ್ದು ಚಕ್ರವರ್ತಿಗೆ ಹೋಗಬೇಕು. ಫಾರ್ಮ್ 16ರ ಮೇಲೆ ಯಾರ ಮುಖ ಇದೆ ಅನ್ನೋದರಲ್ಲಿ ಅನುಮಾನ ಇಲ್ಲ.

ಅಂದಹಾಗೆ, ಕಾನೂನು ಎಲ್ಲಾ ಕಡೆ ಕೈ ಹಾಕೋದಿಲ್ಲ. ಭಾನುವಾರ ಕಾಣಿಕೆ ಡಬ್ಬಿಗೆ ಹೆಸರಿಲ್ಲದೆ ಬೀಳೋ ದುಡ್ಡು ಇದೆಯಲ್ಲ, ಪೂರ್ತಿ ಧಾರ್ಮಿಕ ಟ್ರಸ್ಟ್ ಆಗಿದ್ರೆ ಅಂಥ ಅನಾಮಧೇಯ ಕಾಣಿಕೆ ಮೇಲಿನ ವಿಶೇಷ ತೆರಿಗೆಯಿಂದ 1961ರ ಕಾಯ್ದೆಯೇ ವಿನಾಯಿತಿ ಕೊಟ್ಟಿತ್ತು. ದೇವಸ್ಥಾನದ ಹುಂಡಿಗೂ ಅದೇ ನಿಯಮ. ಬಡ ವಿಧವೆಯ ಎರಡು ಕಾಸಿಗೆ ರಸೀದಿ ಕೇಳಬಾರದು ಅನ್ನೋಷ್ಟು ಮರ್ಯಾದೆ ಕಾನೂನಿಗೂ ಇದೆ.

ಎರಡನೇದು ಸದ್ದಿನ ವಿಷಯ. ಚೆನ್ನೈನ ಒಂದು ಪೂರ್ಣ ಸುವಾರ್ತೆಯ ಸಭೆ, ಧ್ವನಿವರ್ಧಕ ಹಾಕಿ ಪ್ರಾರ್ಥಿಸೋದು ನಮ್ಮ ಧಾರ್ಮಿಕ ಹಕ್ಕು ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ಎದುರು ಪಕ್ಷ, ಅದೇ ಬಡಾವಣೆಯ ನಿವಾಸಿಗಳ ಸಂಘ. 2000ದ ಆಗಸ್ಟ್‌ನಲ್ಲಿ ತೀರ್ಪು ಬಂತು. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಅಂತ ಯಾವ ಧರ್ಮವೂ ಹೇಳಲ್ಲ ಅನ್ನೋದು ತೀರ್ಪಿನ ತಿರುಳು. ಅದೇ ವರ್ಷ ಶಬ್ದ ಮಾಲಿನ್ಯ ನಿಯಮಗಳೂ ಬಂದವು: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಮೈಕ್ ಇಲ್ಲ. ಬಿಟಿಎಂ ಲೇಔಟ್‌ನಲ್ಲಿ ಮೂರು ಅಂತಸ್ತಿನ ಮನೆಯ ಟೆರೇಸ್ ಮೇಲೆ ಶೀಟ್ ಹಾಕಿ ಡ್ರಮ್ಸ್, ಕೀಬೋರ್ಡ್ ಇಟ್ಟು ಆರಾಧನೆ ಮಾಡೋದನ್ನ ನೋಡಿದ್ದೀನಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಪಕ್ಕದಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿರೋ ಪಿಜಿ ಹುಡುಗರು. ಗಣೇಶನ ಪೆಂಡಾಲ್‌ನವರು ಮಾಡಲ್ವಾ ಅಂತ ಕೇಳ್ತಾರೆ. ಮಾಡ್ತಾರೆ. ಅವರಿಗೂ ಅದೇ 55. ಪಕ್ಕದವರ ತಪ್ಪು ನಮ್ಮ ಲೈಸೆನ್ಸ್ ಅಲ್ಲ.

ಇವೆರಡರಲ್ಲೂ ಪಾಲಿಸಿದ್ರೆ ನಂಬಿಕೆಗೆ ಏನು ನಷ್ಟ? ಸ್ವಲ್ಪ ದುಡ್ಡು, ಸ್ವಲ್ಪ ವಾಲ್ಯೂಮ್. ಅಷ್ಟೇ. ಇಂಥ ಕಡೆ ದೇವರನ್ನ ಮಧ್ಯಕ್ಕೆ ಎಳೀಬಾರದು ಅನ್ನೋದು ನನ್ನ ಅಭಿಪ್ರಾಯ. ಎಳೆದ್ರೆ, ನಿಜವಾದ ಆತ್ಮಸಾಕ್ಷಿಯ ಪ್ರಶ್ನೆ ಬಂದ ದಿನ ಯಾರೂ ನಂಬಲ್ಲ.

ನಮ್ಮ ರಾಜ್ಯದಲ್ಲಿ ಅಂಥ ಪ್ರಶ್ನೆ ಬಂತು.

2021ರ ಡಿಸೆಂಬರ್ 23. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಒಂದು ಮಸೂದೆ ಪಾಸ್ ಮಾಡ್ತು. ಹೆಸರು, ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆ. ಕ್ರಿಸ್ಮಸ್‌ಗೆ ಎರಡು ದಿನ ಇತ್ತು. ಪರಿಷತ್ತಿನಲ್ಲಿ ಆಗ ಬಹುಮತ ಇರಲಿಲ್ಲ, ಹಾಗಾಗಿ 2022ರ ಮೇ 17ಕ್ಕೆ ಸುಗ್ರೀವಾಜ್ಞೆ ಆಗಿ ಬಂತು. ಸೆಪ್ಟೆಂಬರ್‌ನಲ್ಲಿ ಕಾಯ್ದೆ ಆಯ್ತು.

ಒಳಗೆ ಏನಿದೆ? ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ, ಮದುವೆಯ ಭರವಸೆ, ಇವುಗಳಿಂದ ಮತಾಂತರ ಮಾಡಿಸಿದ್ರೆ 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ. ಮತಾಂತರ ಆದವರು ಅಪ್ರಾಪ್ತರು, ಮಾನಸಿಕ ಅಸ್ವಸ್ಥರು, ಮಹಿಳೆಯರು, ಅಥವಾ ಪರಿಶಿಷ್ಟ ಜಾತಿ-ಪಂಗಡದವರಾಗಿದ್ರೆ 3ರಿಂದ 10 ವರ್ಷ, 50,000 ದಂಡ. ಆ ಪಟ್ಟಿಯನ್ನ ಇನ್ನೊಂದು ಸಲ ಕೇಳಿಸ್ಕೊಳ್ಳಿ. ಸಿಎ ಪಾಸಾಗಿ ಕಂಪನಿ ಆಡಿಟ್ ಮಾಡೋ ಮೂವತ್ತು ವರ್ಷದ ಹೆಂಗಸು, ತನ್ನ ದೇವರನ್ನ ಆರಿಸ್ಕೊಳ್ಳೋ ವಿಷಯಕ್ಕೆ ಬಂದಾಗ ಮಕ್ಕಳ ಸಾಲಿನಲ್ಲಿ. ಆರೋಪ ಬಂದ ಮೇಲೆ ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆಯೂ ಆರೋಪಿಯದ್ದೇ.

ಆಮಿಷ ಅಂದ್ರೆ ಏನು ಅನ್ನೋ ವಿವರಣೆಯೂ ದೊಡ್ಡದಿದೆ: ಉಡುಗೊರೆ, ದುಡ್ಡು, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆ. ಜಯನಗರದಲ್ಲಿ ಡಿಸೆಂಬರ್ ಕೊನೇ ವಾರ ಅಕ್ಕಪಕ್ಕದ ಮನೆಗೆ ಪ್ಲಮ್ ಕೇಕ್ ಹಂಚೋ ಆಂಟಿಯರೆಲ್ಲ ಆವತ್ತು ತಮಾಷೆ ಮಾಡ್ಕೊಂಡು ನಕ್ಕರು. ನಗುವಿನ ಹಿಂದೆ ಸ್ವಲ್ಪ ದಿಗಿಲೂ ಇತ್ತು.

ಇಲ್ಲಿ ನಿಂತು ಎದುರಿನವರ ಮಾತನ್ನೂ ನ್ಯಾಯವಾಗಿ ಹೇಳಬೇಕು. ಕಾಯ್ದೆ ಪರ ಇರೋರು, ಬಡವರ ಕಷ್ಟವನ್ನ ಬಂಡವಾಳ ಮಾಡ್ಕೊಳ್ತಾರೆ ಅಂತಾರೆ. ಪ್ರಾರ್ಥನೆ ಮಾಡಿದ್ರೆ ಕ್ಯಾನ್ಸರ್ ಹೋಗುತ್ತೆ, ಮಾತ್ರೆ ಬಿಡಿ ಅಂತ ಯಾರಾದ್ರೂ ಹೇಳಿದ್ರೆ ಅದು ಮೋಸ, ಅದನ್ನ ಸಮರ್ಥಿಸೋಕೆ ನಾನು ತಯಾರಿಲ್ಲ. ಬೈಬಲ್ಲೂ ತಯಾರಿಲ್ಲ. ಸಮಾರ್ಯದ ಸೀಮೋನ ಅನ್ನೋ ಮಾಂತ್ರಿಕ ಪವಿತ್ರಾತ್ಮನ ವರಕ್ಕೆ ದುಡ್ಡು ಕೊಡ್ತೀನಿ ಅಂತ ಬಂದಾಗ ಪೇತ್ರ ಉಗಿದು ಕಳಿಸ್ತಾನೆ. ದುಡ್ಡಿಗೂ ನಂಬಿಕೆಗೂ ವ್ಯಾಪಾರ ಇಲ್ಲ. ಮತಾಂತರ ನಿಯಂತ್ರಣದ ಕಾಯ್ದೆಗಳೇ ಸಂವಿಧಾನಬಾಹಿರ ಅಂತಲೂ ಹೇಳೋಕಾಗಲ್ಲ. ಒಡಿಶಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ಇಂಥ ಕಾಯ್ದೆ ತಂದವು. 1977ರಲ್ಲಿ, ರೆವರೆಂಡ್ ಸ್ಟೇನಿಸ್ಲಾಸ್ ಅನ್ನೋರ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಅವನ್ನ ಎತ್ತಿ ಹಿಡೀತು. 25ನೇ ವಿಧಿಯಲ್ಲಿ ಧರ್ಮ ಪ್ರಚಾರದ ಹಕ್ಕು ಇದೆ, ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕು ಇಲ್ಲ ಅಂತು. ಈ ತೀರ್ಪು ನಮ್ಮ ಹಿರಿಯರಿಗೆ ಇಷ್ಟ ಇಲ್ಲ, ಆದ್ರೆ ಅದು ಇದೆ.

ಹಾಗಾದ್ರೆ ನನ್ನ ತಕರಾರು ಎಲ್ಲಿ? ಫಾರ್ಮ್ 1ರಲ್ಲಿ.

ಕಾಯ್ದೆ ಪ್ರಕಾರ, ಮತ ಬದಲಾಯಿಸಬೇಕು ಅಂದುಕೊಂಡವರು ಕನಿಷ್ಠ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ, ಅಂದ್ರೆ ಡಿಸಿಗೆ, ಘೋಷಣೆ ಕೊಡಬೇಕು. ದೀಕ್ಷಾಸ್ನಾನ ಕೊಡೋ ಸಭಾಪಾಲಕರು ಫಾರ್ಮ್ 2 ಕೊಡಬೇಕು. ಡಿಸಿ ಕಚೇರಿ, ತಹಸೀಲ್ದಾರ್ ಕಚೇರಿಯ ನೋಟಿಸ್ ಬೋರ್ಡ್‌ನಲ್ಲಿ ಹೆಸರು ಹಾಕಿ ಆಕ್ಷೇಪಣೆ ಕರೀತಾರೆ. ಯಾರಾದ್ರೂ ಆಕ್ಷೇಪಿಸಿದ್ರೆ ಕಂದಾಯ ಅಥವಾ ಸಮಾಜ ಕಲ್ಯಾಣ ಇಲಾಖೆಯವರು ಬಂದು ನಿಮ್ಮ ನಿಜವಾದ ಉದ್ದೇಶ ಏನು ಅಂತ ವಿಚಾರಣೆ ಮಾಡ್ತಾರೆ. ಆಮೇಲೆ ಮತ್ತೊಂದು ಘೋಷಣೆ. ಆದ್ರೆ ಹಿಂದೆ ಇದ್ದ ಮತಕ್ಕೆ ವಾಪಸ್ ಹೋದ್ರೆ ಅದು ಮತಾಂತರವೇ ಅಲ್ಲ, ಯಾವ ಫಾರ್ಮೂ ಬೇಡ. ಹೋಗೋಕೆ ಟೋಲ್ ಇದೆ, ಬರೋಕೆ ಇಲ್ಲ.

ನನ್ನ ಒಬ್ಬ ಗೆಳತಿ, ಬಿ.ಕಾಂ ಕ್ಲಾಸ್‌ಮೇಟ್. ಹೆಸರು ಬೇಡ, ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಮನೆ ಬನಶಂಕರಿ ಎರಡನೇ ಹಂತ, ಕೆಲಸ ಜೆ.ಪಿ. ನಗರದ ಒಂದು ಆಡಿಟ್ ಆಫೀಸ್. ಅವಳ ಅಮ್ಮ ಮಂಗಳವಾರ ತಪ್ಪದೆ ಬನಶಂಕರಿ ದೇವಸ್ಥಾನಕ್ಕೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ತಾರೆ. ಇವಳು ನಾಲ್ಕು ವರ್ಷದಿಂದ ಭಾನುವಾರ ಒಂದು ಸಣ್ಣ ಸಭೆಗೆ ಹೋಗ್ತಾಳೆ. ಅಲ್ಲಿ ಯಾರೂ ಅವಳಿಗೆ ಐದು ಪೈಸೆ ಕೊಟ್ಟಿಲ್ಲ, ಬದಲಿಗೆ ಅವರ ಲೆಕ್ಕಪತ್ರ ಎಲ್ಲಾ ಇವಳೇ ಬಿಟ್ಟಿ ನೋಡ್ಕೊಡ್ತಾಳೆ. ದೀಕ್ಷಾಸ್ನಾನ ಬೇಕು ಅಂತ ಕೇಳಿದಾಗ ಸಭಾಪಾಲಕರು ಫಾರ್ಮ್ ವಿಷಯ ಹೇಳಿದ್ರು. ಅವಳು ನನಗೆ ಫೋನ್ ಮಾಡಿದ್ಳು.

"ಕೆ.ಜಿ. ರೋಡಿನ ಡಿಸಿ ಆಫೀಸಿಗೆ ಹೋಗೋಕೆ ನಂಗೇನು ಭಯ ಇಲ್ಲ ಕಣೋ. ದಿನಾ ಜಿಎಸ್‌ಟಿ ಆಫೀಸಲ್ಲಿ ಕ್ಯೂ ನಿಲ್ತೀನಿ. ಆದ್ರೆ ನನ್ನ ಹೆಸರು ಬೋರ್ಡ್ ಮೇಲೆ ಬಿದ್ದು, ಅದನ್ನ ಯಾರೋ ಫೋಟೋ ತೆಗೆದು, ಅಮ್ಮ ಬೇರೆಯವರ ಬಾಯಿಂದ ಕೇಳಬೇಕಾ?"

ನಾನು ಹೇಳೋಕೆ ಏನೂ ಇರಲಿಲ್ಲ. ಕಾಯ್ದೆ ಕಾಪಾಡ್ತೀನಿ ಅಂತ ಹೇಳೋದು ಇಂಥವರನ್ನೇ ಅಲ್ವಾ? ಯಾರೂ ಬಲವಂತ ಮಾಡಿಲ್ಲ ಅನ್ನೋದನ್ನ ಖಚಿತ ಮಾಡ್ಕೊಳ್ಳೋಕೆ ಅವಳ ಮನಸ್ಸಿನೊಳಗಿನ ಮಾತನ್ನ ಬೋರ್ಡಿಗೆ ಅಂಟಿಸ್ತಾರೆ. ಮೋಸ ಮಾಡೋನು ಫಾರ್ಮ್ ತುಂಬಲ್ಲ. ತುಂಬೋದು ಇವಳಂಥ, ಪ್ರತಿ ತಿಂಗಳು 20ನೇ ತಾರೀಕಿನ ಒಳಗೆ ರಿಟರ್ನ್ ಹಾಕೋ ಜನ.

ಇದನ್ನ ಕೋರ್ಟ್‌ಗಳೂ ನೋಡಿವೆ. ಹಿಮಾಚಲ ಪ್ರದೇಶದ 2006ರ ಕಾಯ್ದೆಯಲ್ಲೂ 30 ದಿನದ ನೋಟಿಸ್ ಇತ್ತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಹೈಕೋರ್ಟ್ ಅದನ್ನ ರದ್ದು ಮಾಡ್ತು. ನಂಬಿಕೆಯನ್ನ ಬದಲಾಯಿಸೋ ಹಕ್ಕಿನ ಜೊತೆ ಅದನ್ನ ತನ್ನಲ್ಲೇ ಇಟ್ಕೊಳ್ಳೋ ಹಕ್ಕೂ ಇದೆ ಅಂತ. ಐದು ವರ್ಷದ ನಂತರ, 2017ರ ಆಗಸ್ಟ್ 24ಕ್ಕೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರು. ಆ ಕೇಸು ಹಾಕಿದ್ದು ಯಾರು? ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ಬೆಂಗಳೂರಿನವರು. ಆಧಾರ್ ವಿರುದ್ಧ ಹೋದಾಗ ಅವರಿಗೆ 86 ವರ್ಷ. ನಮ್ಮ ವಯಸ್ಸಿನವರು ಟರ್ಮ್ಸ್ ಅಂಡ್ ಕಂಡೀಷನ್ಸ್ ಓದದೆ ಅಕ್ಸೆಪ್ಟ್ ಒತ್ತುತೀವಿ, ಅವರು ಆ ವಯಸ್ಸಲ್ಲಿ ಕೋರ್ಟಿಗೆ ಹೋದ್ರು.

ಹಾಗಾಗಿ 2022ರಲ್ಲಿ ಕ್ರೈಸ್ತ ಸಂಘಟನೆಗಳು ಕರ್ನಾಟಕ ಹೈಕೋರ್ಟ್ ಮೆಟ್ಟಿಲು ಹತ್ತಿದ್ದು ಕಾನೂನು ಮುರಿಯೋ ಕೆಲಸ ಅಲ್ಲ. ಪೌಲ ಫೆಸ್ತನ ಮುಂದೆ ಮಾಡಿದ್ದೂ ಅದೇ.

ಆತ್ಮಸಾಕ್ಷಿಯ ಪ್ರಶ್ನೆಯನ್ನ ಹೇಗೆ ನಡೆಸ್ಕೋಬೇಕು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಕೇಸು ಒಂದಿದೆ. 1985, ಕೇರಳ. ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದ ಮೂವರು ಮಕ್ಕಳು. ಶಾಲೆಯಲ್ಲಿ ರಾಷ್ಟ್ರಗೀತೆ ಬಂದಾಗ ಎದ್ದು ನೆಟ್ಟಗೆ ನಿಲ್ತಾರೆ, ಆದ್ರೆ ಹಾಡಲ್ಲ. ದೇವರಿಗೆ ಬಿಟ್ಟು ಬೇರೆ ಯಾವುದಕ್ಕೂ ಹಾಡಬಾರದು ಅನ್ನೋದು ಅವರ ನಂಬಿಕೆ. ಶಾಲೆಯಿಂದ ಹೊರಗೆ ಹಾಕಿದ್ರು. ನಾನು ಖುಷಿಯಿಂದ ಹಾಡ್ತೀನಿ, ನಮ್ಮ ಸಭೆಯವರೂ ಹಾಡ್ತಾರೆ. ನಮ್ಮ ಸಭೆಗಳು ಆ ಪಂಗಡವನ್ನ ತಮ್ಮವರು ಅಂತ ಒಪ್ಪೋದೂ ಇಲ್ಲ. ಆದ್ರೆ ಆ ಮಕ್ಕಳು ಗಲಾಟೆ ಮಾಡಲಿಲ್ಲ, ಬೇರೆಯವರು ಹಾಡೋದನ್ನ ತಡೀಲಿಲ್ಲ, ತುಟಿ ಅಲ್ಲಾಡಿಸಿ ನಾಟಕವೂ ಆಡಲಿಲ್ಲ. ಸುಮ್ನೆ ತುಟಿ ಅಲ್ಲಾಡಿಸಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಯೋಚನೆ ಮಾಡಿ. 1986ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್, ಬಿಜೋ ಇಮ್ಯಾನುಯೆಲ್ ಕೇಸಿನಲ್ಲಿ, ಗೌರವದಿಂದ ನಿಂತಿದ್ದಾರೆ, ಹಾಡಲೇಬೇಕು ಅಂತ ಯಾವ ಕಾನೂನೂ ಇಲ್ಲ, ಮಕ್ಕಳನ್ನ ವಾಪಸ್ ಸೇರಿಸ್ಕೊಳ್ಳಿ ಅಂತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ತೀರ್ಪು.

ಇದಕ್ಕೆ ಉಲ್ಟಾ ಉದಾಹರಣೆಯೂ ನಮ್ಮ ಊರಲ್ಲೇ ಇದೆ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಚರ್ಚ್‌ನ ಬಹಳಷ್ಟು ದೊಡ್ಡವರು ಸುಮ್ಮನಿದ್ರು, ಕೆಲವರು ಹೊಗಳಿದ್ರು ಕೂಡ. ಅಧೀನರಾಗಿರಿ ಅನ್ನೋ ಮಾತು ಆಗ ಬಹಳ ಅನುಕೂಲಕ್ಕೆ ಬಂದಿರಬೇಕು. ಗಟ್ಟಿಯಾಗಿ ವಿರೋಧಿಸಿದವರಲ್ಲಿ ಒಬ್ಬರು ಎಂ.ಎಂ. ಥಾಮಸ್. ಪಾದ್ರಿ ಅಲ್ಲ, ದೇವತಾಶಾಸ್ತ್ರ ಚಿಂತಕರು. ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯೊಂದನ್ನ ನಡೆಸ್ತಿದ್ದವರು. ಸರ್ಕಾರದ ವಿರುದ್ಧ ಬರೆದ್ರು, ತಮ್ಮ ಹೆಸರು ಹಾಕಿಯೇ ಬರೆದ್ರು. ತಮಾಷೆ ಅಂದ್ರೆ, ಇದೇ ಮನುಷ್ಯ 1990ರಲ್ಲಿ ನಾಗಾಲ್ಯಾಂಡ್ ರಾಜ್ಯಪಾಲರಾದ್ರು. ಅಲ್ಲೂ ಕೇಂದ್ರದ ಜೊತೆ ತಿಕ್ಕಾಟ ಆಗಿ 1992ರಲ್ಲಿ ಹುದ್ದೆ ಹೋಯ್ತು. ಇವರ ಬಗ್ಗೆ ಭಾನುವಾರದ ಪ್ರಸಂಗದಲ್ಲಿ ನಾನು ಒಂದು ಸಲವೂ ಕೇಳಿಲ್ಲ.

ಈಗ ಕೆಲವರು ಕೇಳಬಹುದು, ಹಾಗಾದ್ರೆ ನಿನ್ನ ಗೆಳತಿಗೆ ರಾತ್ರೋರಾತ್ರಿ ಯಾರದೋ ಮನೆಯ ನೀರಿನ ತೊಟ್ಟಿಯಲ್ಲಿ ದೀಕ್ಷಾಸ್ನಾನ ಕೊಟ್ಟುಬಿಟ್ಟಿದ್ರೆ ಮುಗೀತಿತ್ತಲ್ಲ? ಕೆಲವು ಕಡೆ ಹಾಗೆ ಸಲಹೆ ಕೊಟ್ಟೋರೂ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಫಾರ್ಮ್ ಕೊಟ್ಟು ಮಾಡಿ, ಅಥವಾ ಕೊಡಲ್ಲ ಅಂತ ಸಹಿ ಹಾಕಿ ಬರೆದು, ಬಂದದ್ದನ್ನ ಎದುರಿಸಿ. ರೆಜಿಸ್ಟರ್‌ನಲ್ಲಿ ಬರೀದೆ, ಕೇಳಿದ್ರೆ ಇಲ್ಲ ಅಂತ ಹೇಳೋ ದೀಕ್ಷಾಸ್ನಾನದಲ್ಲಿ ಮೊದಲ ದಿನವೇ ಒಂದು ಸುಳ್ಳು ಸೇರ್ಕೊಳ್ಳುತ್ತೆ. ಅದೂ ಅಲ್ಲದೆ ನಾಳೆ ಕೇಸ್ ಆದ್ರೆ, ಸ್ವಂತ ಇಷ್ಟದಿಂದ ಆಯ್ತು ಅನ್ನೋದಕ್ಕೆ ಅವಳ ಹತ್ರ ಒಂದು ಕಾಗದವೂ ಇರಲ್ಲ.

ಹೌದು, ಜಯನಗರದಲ್ಲಿ ಫ್ಯಾನ್ ಕೆಳಗೆ ಕೂತು ಧೈರ್ಯ ಹೇಳೋದು ಸುಲಭ. 2021ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಸ್ಥಳದ ಒಳಗೇ ನುಗ್ಗಿ ಜನ ಕೂತು ಭಜನೆ ಮಾಡಿದ ವಿಡಿಯೋ ನೀವೂ ನೋಡಿರ್ತೀರ. ಅಂಥ ಕಡೆ ಬಾಡಿಗೆ ಶೆಡ್‌ನಲ್ಲಿ ಸಭೆ ನಡೆಸೋ, ಹೆಂಡತಿ ಮಕ್ಕಳಿರೋ ಸಭಾಪಾಲಕರಿಗೆ ನಾನು ಇಲ್ಲಿಂದ ಪಾಠ ಹೇಳಲ್ಲ. ನಮ್ಮ ಕಡೆಯ, ಲಾಯರ್‌ಗಳು ಡಾಕ್ಟರ್‌ಗಳು ಬೆಂಚ್ ತುಂಬಾ ಕೂತಿರೋ ಸಭೆಗಳಿಗೆ ಹೇಳ್ತಿದ್ದೀನಿ. ಬಹಿರಂಗವಾಗಿ ನಿಲ್ಲೋ ಶಕ್ತಿ ಇರೋದು ನಿಮಗೆ.

ಗೆಳತಿ ಫಾರ್ಮ್ ಕೊಟ್ಟಿಲ್ಲ. ಕದ್ದು ದೀಕ್ಷಾಸ್ನಾನವನ್ನೂ ತಗೊಂಡಿಲ್ಲ. ಅಮ್ಮನಿಗೆ ತಾನೇ ಹೇಳಿದ್ಳು, ಹೋದ ಯುಗಾದಿ ಆದ ಮೇಲೆ. ಅಮ್ಮ ಎರಡು ವಾರ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಭಾನುವಾರ ಬೇಗ ಹೋಗ್ತೀಯಲ್ಲ, ಉಪ್ಪಿಟ್ಟು ತಿಂದು ಹೋಗು ಅಂದ್ರಂತೆ. ಅದರ ಅರ್ಥ ಏನು ಅಂತ ಅವಳಿಗೂ ಗೊತ್ತಿಲ್ಲ. ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ ಇರುತ್ತೆ, ಅಲ್ಲಿ ದೀಕ್ಷಾಸ್ನಾನ ಆದವರಿಗೆ ಮಾತ್ರ. ರೊಟ್ಟಿಯ ತಟ್ಟೆ ಬಂದಾಗ ಇವಳು ಎದ್ದು ಹೊರಗೆ ಹೋಗಲ್ಲ, ತಟ್ಟೆ ಹಿಡ್ಕೊಂಡು ಪಕ್ಕದವರಿಗೆ ದಾಟಿಸ್ತಾಳೆ.

ಇನ್ನು ಕಾಯ್ದೆ ಈಗ ಎಲ್ಲಿದೆ ಅಂತ ತುಂಬಾ ಜನ ಕೇಳ್ತೀರಿ. 2023ರ ಜೂನ್ 15ಕ್ಕೆ ಹೊಸ ಸರ್ಕಾರದ ಸಂಪುಟ ಇದನ್ನ ವಾಪಸ್ ತಗೊಳ್ಳೋ ನಿರ್ಧಾರ ಮಾಡ್ತು. ಮುಗೀತು ಅಂತ ಕೇಕ್ ಕತ್ತರಿಸಿದವರಿದ್ದಾರೆ. ಸಂಪುಟದ ನಿರ್ಧಾರ ಬೇರೆ, ವಿಧಾನಮಂಡಲ ಕಾಯ್ದೆ ರದ್ದು ಮಾಡೋದು ಬೇರೆ. 2025ರಲ್ಲೂ ಇದೇ ಕಾಯ್ದೆಯ ಒಂದು ಎಫ್‌ಐಆರ್ ಹೈಕೋರ್ಟ್ ಮುಂದೆ ಬಂತು. ಜಮಖಂಡಿಯ ಒಂದು ದೇವಸ್ಥಾನದ ಹತ್ತಿರ ಇಸ್ಲಾಂ ಬಗ್ಗೆ ಕರಪತ್ರ ಹಂಚಿದ ಆರೋಪ. ಮತಾಂತರ ಆದವರು, ಅವರ ಹೆತ್ತವರು, ಒಡಹುಟ್ಟಿದವರು, ಸಂಬಂಧಿಕರು, ಸಹೋದ್ಯೋಗಿಗಳು, ಇಂಥವರು ದೂರು ಕೊಡಬಹುದು, ಸಂಬಂಧವೇ ಇಲ್ಲದ ಮೂರನೆಯವರು ಕೊಟ್ಟರೆ ನಡೆಯಲ್ಲ, ಯಾರನ್ನೂ ಮತಾಂತರ ಮಾಡಿದ ಆರೋಪವೂ ಇಲ್ಲ ಅಂತ ಕೋರ್ಟ್ ಕೇಸ್ ರದ್ದು ಮಾಡ್ತು. ಅಲ್ಲಿ ಗೆದ್ದದ್ದು ಮುಸ್ಲಿಮರು. ಆದ್ರೆ ಆ ತೀರ್ಪಿನ ಲಾಭ ಭಾನುವಾರ ಕರಪತ್ರ ಹಂಚೋ ನಮ್ಮ ಯೂತ್ ಗ್ರೂಪಿಗೂ ಇದೆ.

ಬಿಟಿಎಂನಿಂದ ಒಬ್ಬರು ಬಾಡಿಗೆ ಮನೆಯಲ್ಲಿ ಪ್ರಾರ್ಥನಾ ಕೂಟ ಮಾಡಬಹುದಾ ಅಂತ ಕೇಳಿದ್ದಾರೆ. ಮೊದಲು ನಿಮ್ಮ ಬಾಡಿಗೆ ಕರಾರು ಪತ್ರ ತೆಗೆದು, ಮನೆ ಬಳಕೆ ಬಗ್ಗೆ ಏನು ಬರೆದಿದೆ ನೋಡಿ. ಓನರ್‌ಗೆ ಹೇಳಿ, ಹೇಳದೆ ಮಾಡಬೇಡಿ. ಬೈಕುಗಳನ್ನ ಪಕ್ಕದ ಮನೆ ಗೇಟ್ ಮುಂದೆ ನಿಲ್ಲಿಸಬೇಡಿ. ಸ್ಪೀಕರ್ ಬೇಡ, ಗಿಟಾರ್ ಸಾಕು. ಇನ್ನೂ ವಿವರ ಬೇಕಿದ್ರೆ ಒಬ್ಬ ವಕೀಲರನ್ನ ಕೂರಿಸ್ಕೊಂಡು ಇನ್ನೊಂದು ಕಂತು ಮಾಡೋಣ, ಪ್ರಶ್ನೆಗಳನ್ನ ಕಳಿಸಿ. ಜೆ.ಪಿ. ನಗರದ ಆ ಕೇಳುಗರೇ, ನಿಮ್ಮ ಉತ್ತರಕ್ಕೆ ಕಾಯ್ತೀನಿ, ವ್ಯಂಗ್ಯ ಇದ್ರೂ ಪರವಾಗಿಲ್ಲ.